ಹೊಳಪಳಿದ ಬಂದೂಕು

ಆಯುಧವೆಂಬುದು ಹೊಳೆಯಬೇಕು, ಹೊಳೆದು ಎದುರಾಳಿಯ ಕಣ್ಣನ್ನೂ ಎದೆಯನ್ನೂ ಏಕಕಾಲದಲ್ಲಿ ಕುಗ್ಗಿಸಬೇಕು ಎಂಬ ಭಾವನೆ ಮನುಷ್ಯಕುಲದಲ್ಲಿ ಅತಿ ಪುರಾತನವಾದುದು. ಕತ್ತಿಯ ಅಲಗಿನ ಮಿಂಚನ್ನೂ ಈಟಿಯ ಮೊನೆಯ ಥಳಥಳವನ್ನೂ ವರ್ಣಿಸದ ಯುದ್ಧಕಾವ್ಯ ವಿರಳ. ಮಹಾನವಮಿಯ ಆಯುಧಪೂಜೆಯಲ್ಲಿ ನಮ್ಮವರು ಶಸ್ತ್ರಗಳನ್ನು ಉಜ್ಜಿ ಬೆಳಗಿ ಕುಂಕುಮ ಹೂಗಳಿಂದ ಅಲಂಕರಿಸುವುದರಲ್ಲಿಯೂ, ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದು ಹಬ್ಬದ ದಿವಸ ಕೋವಿಗಳನ್ನು ಶುಚಿಮಾಡಿ ಅವುಗಳಿಗೆ ತೋಕ್‌ಪೂ ಎಂಬ ಹೂವನ್ನು ಮುಡಿಸುವುದರಲ್ಲಿಯೂ ಅದೇ ಪ್ರಾಚೀನ ಭಾವನೆ ಇಂದಿಗೂ ಜೀವಂತವಾಗಿದೆ. ಅಂಥ ಆಯುಧವನ್ನು ಅದರ ಒಡೆಯನೇ ಮನೆಯ ಹಿತ್ತಲಿಗೆ ತಂದು, ಹಳೆಯ ವೃತ್ತಪತ್ರಿಕೆಗಳನ್ನು ಹಾಸಿದ ಹಲಗೆಯ ಮೇಲೆ ಮಲಗಿಸಿ, ಅಂಗಡಿಯಲ್ಲಿ ಕೊಂಡ ಡಬ್ಬಿಯಿಂದ ಮಣ್ಣಿನ, ಒಣಹುಲ್ಲಿನ, ಎಲೆಯ ಬಣ್ಣಗಳನ್ನು ಅದರ ಮೇಲೆ ಸಿಂಪಡಿಸಿ, ಅದು ಬಂದೂಕೆಂದೇ ಕಾಣದಂತೆ ಮಾಡುವ ರೂಢಿಯೊಂದು ಅಮೆರಿಕದ ಬೇಟೆಗಾರರಲ್ಲಿ ಇಂದು ಸರ್ವಸಾಮಾನ್ಯವಾಗಿದೆ. ಮೇಲ್ನೋಟಕ್ಕೆ ಇದು ಬಿಡುವಿನ ವೇಳೆಯ ಹವ್ಯಾಸವೆಂದು ತೋರಬಹುದು. ಆದರೆ ಆ ಡಬ್ಬಿಯ ಹಿಂದೆ ಎರಡು ಶತಮಾನಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸದಲ್ಲಿ ಸೇನಾಪತಿಗಳಿಗಿಂತ ಹೆಚ್ಚಾಗಿ ಬಣ್ಣಗಾರರೂ ಚಿತ್ರಕಾರರೂ ಪ್ರಾಣಿಶಾಸ್ತ್ರಜ್ಞರೂ ಬೇಟೆಯಾಳುಗಳೂ ಕಾಣಿಸಿಕೊಳ್ಳುತ್ತಾರೆ.

ಹದಿನೆಂಟನೆಯ ಶತಮಾನದ ಇಂಗ್ಲಿಷ್ ಸಿಪಾಯಿ ತನ್ನ ಮಸ್ಕೆಟ್ಟಿನ ನಳಿಗೆಯನ್ನು ಇಟ್ಟಿಗೆಪುಡಿ ಹಾಕಿ ತಿಕ್ಕಿ ಬೆಳ್ಳಿಯಂತೆ ಬೆಳಗಬೇಕಾಗಿತ್ತು. ಬೆಳಗದಿದ್ದರೆ ಶಿಕ್ಷೆ ಕಾದಿರುತ್ತಿತ್ತು. ಸಾಲುಸಾಲಾಗಿ ನಿಂತು, ಆಜ್ಞೆಯಾದೊಡನೆ ಒಟ್ಟಿಗೆ ಗುಂಡು ಹಾರಿಸುವ ಅಂದಿನ ಯುದ್ಧಕ್ರಮದಲ್ಲಿ ಮರೆಯಾಗುವ ಪ್ರಶ್ನೆಯೇ ಇರಲಿಲ್ಲ. ಪೊದೆಯ ಹಿಂದೆ, ಬಂಡೆಯ ಮರೆಯಲ್ಲಿ ಒಬ್ಬೊಬ್ಬರೇ ಚದರಿ ನಿಂತು ಗುರಿಯಿಡಬೇಕಾದಾಗ ಮಾತ್ರ ಆ ಹೊಳಪು ಪ್ರಾಣಕ್ಕೇ ಮುಳುವಾಯಿತು. ಈ ತಿಳಿವಳಿಕೆ ಸೇನೆಗೆ ಬಂದುದು ಬೇಟೆಯಿಂದ. ಜರ್ಮನ್ ನಾಡುಗಳ ಕಾಡುಗಾವಲುಗಾರರೂ ಬೇಟೆಗಾರರೂ ಸೇರಿದ್ದ ಪಡೆಗಳು ಹಸುರು ಉಡುಪನ್ನು ತೊಟ್ಟಿದ್ದವು; ಅವುಗಳ ಮಾದರಿಯನ್ನು ಅನುಸರಿಸಿ 1800ರಲ್ಲಿ ಇಂಗ್ಲೆಂಡಿನಲ್ಲಿ ರಚಿತವಾದ ರೈಫಲ್ ಪಡೆಗೆ, ಕೆಂಪು ಕೋಟಿನ ಆ ಕಾಲದಲ್ಲಿ, ಕಡುಹಸುರು ಉಡುಪನ್ನೂ ಕಂದಿಸಿದ ನಳಿಗೆಯ ಬೇಕರ್ ರೈಫಲ್ಲನ್ನೂ ಕೊಡಲಾಯಿತು.

ನಳಿಗೆಯನ್ನು ಕಂದಿಸುವ ಆ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಯೋಗ್ಯ. ಏಕೆಂದರೆ ಬಂದೂಕಿನ ಮೈಬಣ್ಣವನ್ನು ಬುದ್ಧಿಪೂರ್ವಕವಾಗಿ ಮಂಕುಗೊಳಿಸುವ ವಿದ್ಯೆಗೆ ಅದೇ ಪ್ರಥಮ ಪಾಠ. ಮೊದಲು ಲೋಹದ ಮೇಲಣ ಜಿಡ್ಡನ್ನು ಸುಣ್ಣ ಹಚ್ಚಿ ಸಂಪೂರ್ಣವಾಗಿ ತೆಗೆಯುತ್ತಿದ್ದರು. ಬಳಿಕ ಆಮ್ಲ ಬೆರೆತ ದ್ರಾವಣವನ್ನು ತೆಳುವಾಗಿ ಸವರಿ ತೇವದ ಗಾಳಿಯಲ್ಲಿ ಬಿಡುತ್ತಿದ್ದರು. ಲೋಹದ ಮೇಲೆ ನವಿರಾದ ತುಕ್ಕು ಏಳುತ್ತಿತ್ತು. ಅದನ್ನು ತಂತಿಯ ಕುಂಚದಿಂದ ಉಜ್ಜಿ, ಮತ್ತೆ ದ್ರಾವಣ ಸವರಿ, ಮತ್ತೆ ತುಕ್ಕು ಹಿಡಿಸಿ, ಹೀಗೆ ಹಲವು ಸಾರಿ ಮಾಡಿದ ಮೇಲೆ ಕುದಿನೀರು ಹೊಯ್ದು ಎಣ್ಣೆಯನ್ನೋ ಮೇಣವನ್ನೋ ತಿಕ್ಕಿದರೆ, ಕಾಫಿಬೀಜದಂಥ ಕಂದುಬಣ್ಣವೊಂದು ಲೋಹದಲ್ಲಿ ನೆಲೆಯಾಗುತ್ತಿತ್ತು. ಯಾವ ತುಕ್ಕನ್ನು ಸಿಪಾಯಿ ಶತ್ರುವೆಂದು ಬಗೆದು ಹೋರಾಡುತ್ತಿದ್ದನೋ ಅದನ್ನೇ ಪಳಗಿಸಿ ರಕ್ಷಕನನ್ನಾಗಿ ಮಾಡಿಕೊಂಡ ಜಾಣ್ಮೆ ಇದು. ಕಂದಿದ ನಳಿಗೆ ಹೊಳೆಯುವುದೂ ಇಲ್ಲ, ಮಳೆಗೆ ಬೇಗ ಕೆಡುವುದೂ ಇಲ್ಲ. ಹೀಗಿದ್ದರೂ ಇಂಗ್ಲಿಷ್ ಕಾಲಾಳುಪಡೆಯ ಸಾಮಾನ್ಯ ಮಸ್ಕೆಟ್ಟುಗಳ ನಳಿಗೆಗಳನ್ನು ಕಂದಿಸಬೇಕೆಂಬ ಆಜ್ಞೆ ಹೊರಡುವುದಕ್ಕೆ 1815ರ ವರೆಗೆ ಕಾಯಬೇಕಾಯಿತು. ಹೊಳಪಿನ ಮೋಹ ಅಷ್ಟು ಸುಲಭವಾಗಿ ಬಿಡತಕ್ಕದ್ದಲ್ಲ.

ಬಂದೂಕು ಮಂಕಾದರೂ ಅದನ್ನು ಹಿಡಿದವನ ಉಡುಪು ಮಂಕಾಗುವುದಕ್ಕೆ ಇನ್ನೂ ಬಹುಕಾಲ ಹಿಡಿಯಿತು. ಆ ಅಧ್ಯಾಯ ಪ್ರಾರಂಭವಾದುದು ಭಾರತದಲ್ಲಿ. 1846ರಲ್ಲಿ ಪೇಷಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬಾತ ಗೈಡ್ಸ್ ಎಂಬ ಪಡೆಯನ್ನು ಕಟ್ಟಿ, ಗಡಿನಾಡಿನ ಧೂಳುಬಣ್ಣದ ಉಡುಪನ್ನು ತನ್ನ ಜನರಿಗೆ ತೊಡಿಸಿದ. ಬಟ್ಟೆಯನ್ನು ಕೆಸರಿನಲ್ಲಿ ಅದ್ದಿ ತೆಗೆಯುತ್ತಿದ್ದರೆಂದೂ, ಅಲ್ಲಿ ಬೆಳೆಯುವ ಮಜರಿ ಎಂಬ ಗಿಡ್ಡ ತಾಳೆಯ ರಸದಲ್ಲಿ ಬಣ್ಣ ಹಾಕುತ್ತಿದ್ದರೆಂದೂ ಹೇಳುತ್ತಾರೆ. 1857ರ ಸಂಗ್ರಾಮದ ಬೇಸಗೆಯಲ್ಲಿ ಇಂಗ್ಲಿಷ್ ಪಡೆಗಳು ತಮ್ಮ ಬಿಳಿಯ ಬಟ್ಟೆಗಳನ್ನು ಚಹದ ಕಷಾಯದಲ್ಲಿಯೂ ಕೈಗೆ ಸಿಕ್ಕಿದ ಇತರ ಬಣ್ಣಗಳಲ್ಲಿಯೂ ಅದ್ದಿಕೊಂಡವು. ಒಂದೇ ಪಡೆಯಲ್ಲಿ ಹತ್ತು ಛಾಯೆಗಳು ಕಾಣುತ್ತಿದ್ದವು, ಒಂದೆರಡು ಒಗೆತಕ್ಕೆ ಅವೂ ಮಾಸಿಹೋಗುತ್ತಿದ್ದವು. ಈ ಪ್ರಸಂಗದಲ್ಲಿ ನಮ್ಮ ಕರಾವಳಿಯ ಹೆಸರೂ ಬರುತ್ತದೆ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ನಡೆಸುತ್ತಿದ್ದ ನೇಯ್ಗೆಯ ಕಾರ್ಖಾನೆಗೆ 1851ರಲ್ಲಿ ಬಂದ ಹಾಲರ್ ಎಂಬ ಕುಶಲ ನೇಕಾರ ಖಾಕಿ ಬಣ್ಣವನ್ನು ಹದಗೊಳಿಸಿದನೆಂಬುದು ಮಂಗಳೂರಿನಲ್ಲಿ ಪ್ರಸಿದ್ಧವಾದ ಐತಿಹ್ಯ. ಬಲ್ಮಠದ ಮಗ್ಗಗಳಿಂದ ಹೊರಟ ಆ ಬಟ್ಟೆಗೆ ಮಂಗಳೂರಿನವರು ಇಂದಿಗೂ ಅಭಿಮಾನದಿಂದ ತಮ್ಮ ಊರಿನ ಮುದ್ರೆಯನ್ನೊತ್ತುತ್ತಾರೆ. ಖಾಕಿಯ ಹೆತ್ತವರು ಪೇಷಾವರದವರೋ ಮಂಗಳೂರಿನವರೋ ಎಂಬ ವಾದ ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. ಎರಡೂ ಕಡೆಯಲ್ಲಿ ಬಣ್ಣವನ್ನು ಒದಗಿಸಿದವರು ಸ್ಥಳದಲ್ಲಿ ದೊರೆತ ಸಾಮಗ್ರಿಯನ್ನು ಬಲ್ಲವರು, ಕೈಕೆಲಸದವರು ಎಂಬುದು ಮುಖ್ಯ. ಒಗೆದರೂ ಹೋಗದ ಖಾಕಿಗೆ 1884ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ದೊರೆತ ಮೇಲಷ್ಟೇ ಅದು ಇಡೀ ಸೈನ್ಯದ ಉಡುಪಾಗುವುದು ಸಾಧ್ಯವಾಯಿತು.

ಅದೇ ವರ್ಷ ಫ್ರಾನ್ಸಿನಲ್ಲಿ ಪಾಲ್ ವಿಯೆಲ್ ಎಂಬ ರಸಾಯನಶಾಸ್ತ್ರಜ್ಞ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ. 1886ರ ಲೆಬೆಲ್ ಬಂದೂಕು ಅದನ್ನು ಬಳಸಿತು. ಅದುವರೆಗೆ ಕರಿಮದ್ದಿನ ಬಂದೂಕನ್ನು ಹಾರಿಸಿದವನ ನೆಲೆಯನ್ನು ಬಿಳಿಯ ಹೊಗೆಯ ಮೋಡವೇ ಸಾರಿ ಹೇಳುತ್ತಿತ್ತು. ಎಷ್ಟು ಮರೆಯಾಗಿ ಕುಳಿತರೂ ಮೊದಲನೆಯ ಗುಂಡಿನೊಡನೆ ಗುಟ್ಟು ಬಯಲಾಗುತ್ತಿತ್ತು. ಹೊಗೆ ಅಡಗಿದೊಡನೆ, ಕಣ್ಣಿಗೆ ಕಾಣುವ ಬಣ್ಣ, ಆಕಾರ, ನೆರಳು, ಹೊಳಪುಗಳಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. 1899ರಿಂದ 1902ರ ವರೆಗೆ ದಕ್ಷಿಣ ಆಫ್ರಿಕದಲ್ಲಿ ಹೊಲದ ಬಟ್ಟೆಯನ್ನೇ ತೊಟ್ಟು ಬಂಡೆಗಳ ನಡುವೆ ಅಡಗಿ ಮೌಸರ್ ಬಂದೂಕುಗಳಿಂದ ಗುರಿಯಿಟ್ಟ ಬೋಯರ್ ರೈತರು ಇಂಗ್ಲಿಷರಿಗೆ ಈ ಪಾಠವನ್ನು ರಕ್ತದಲ್ಲಿ ಕಲಿಸಿದರು. ಸ್ಕಾಟ್ ಸಿಪಾಯಿಗಳು ಬಣ್ಣಬಣ್ಣದ ಕಿಲ್ಟಿನ ಮೇಲೆ ಖಾಕಿಯ ಮುಂಗವಚ ಕಟ್ಟಿದರು, ಅಧಿಕಾರಿಗಳು ಮಿಂಚುವ ಖಡ್ಗವನ್ನು ಬಿಟ್ಟು ಸಿಪಾಯಿಯಂತೆ ಬಂದೂಕನ್ನು ಹಿಡಿದರು. ಫ್ರೆಂಚರು ಮಾತ್ರ ಈ ಪಾಠವನ್ನು ಕೇಳಲಿಲ್ಲ. ಮೊದಲನೆಯ ಮಹಾಯುದ್ಧ ಆರಂಭವಾದ 1914ರ ಆಗಸ್ಟಿನಲ್ಲಿ ಅವರ ಕಾಲಾಳುಗಳು ಮಂಜಿಷ್ಠದ ಕೆಂಪಿನ ಷರಾಯಿಗಳನ್ನು ತೊಟ್ಟೇ ಮೆಷಿನ್‌ಗನ್ನುಗಳ ಎದುರಿಗೆ ನಡೆದರು.

ಆ ಘೋರ ಶರತ್ಕಾಲದಲ್ಲಿಯೇ, ಪಾಂಟ್-ಅ-ಮೂಸಾಂ ಎಂಬ ಊರಿನ ಬಳಿಯ ಫಿರಂಗಿದಳವೊಂದರಲ್ಲಿ ಸಾಧಾರಣ ಸೈನಿಕನಾಗಿ ಸೇವೆಯಲ್ಲಿದ್ದ ಲೂಸಿಯಾಂ-ವಿಕ್ಟರ್ ಗೀರಾಂ ದ ಸ್ಕೆವೋಲಾನಿಗೆ, ತಾನು ಕಲಿತ ವಿದ್ಯೆಯಿಂದ ತನ್ನ ದಳದ ಫಿರಂಗಿಗಳನ್ನು ಉಳಿಸಬಹುದೆಂದು ಹೊಳೆಯಿತು. ಈತ ಪ್ಯಾರಿಸ್ಸಿನ ಶ್ರೀಮಂತ ಸ್ತ್ರೀಯರ ಭಾವಚಿತ್ರಗಳನ್ನು ನೀಲಿ ಗುಲಾಬಿಗಳ ಪುಡಿಬಣ್ಣಗಳಲ್ಲಿ ಬರೆದು ಹೆಸರು ಪಡೆದಿದ್ದ ಚಿತ್ರಕಾರ. ವಿಮಾನದಿಂದ ನೋಡುವವನ ಕಣ್ಣಿಗೆ ಫಿರಂಗಿಯನ್ನು ಹಿಡಿದುಕೊಡುವುದು ಅದರ ಬಣ್ಣಕ್ಕಿಂತ ಹೆಚ್ಚಾಗಿ ಅದರ ಹೊರರೇಖೆ ಎಂಬುದನ್ನು ಆತ ಕಂಡುಕೊಂಡ. ಉದ್ದನೆಯ ನಳಿಗೆಯ ಸರಳರೇಖೆಯೂ ಚಕ್ರದ ವೃತ್ತವೂ ನಿಸರ್ಗದಲ್ಲಿ ಇಲ್ಲದ ಆಕೃತಿಗಳಾದುದರಿಂದ, ಆ ರೇಖೆಗಳನ್ನು ಒಡೆದರೆ ವಸ್ತುವೇ ಒಡೆದಂತಾಗುತ್ತದೆ. ಕಾವಿ, ಹಸುರು, ಕಂದು ಬಣ್ಣಗಳ ದೊಡ್ಡ ದೊಡ್ಡ ಮಚ್ಚೆಗಳನ್ನು ಬಳಿದ ಕ್ಯಾನ್‌ವಾಸನ್ನು ಫಿರಂಗಿಯ ಮೇಲೆ ಹರಡಿ ಮಾಡಿದ ಪ್ರಯೋಗ ಅಧಿಕಾರಿಗಳ ಮನವೊಲಿಸಿತು. 1915ರಲ್ಲಿ ಲೋಕದ ಮೊತ್ತಮೊದಲ ಕ್ಯಾಮೊಫ್ಲಾಜ್, ಎಂದರೆ ಮರೆಬಣ್ಣದ, ವಿಭಾಗ ಫ್ರೆಂಚ್ ಸೇನೆಯಲ್ಲಿ ಅಧಿಕೃತವಾಗಿ ಸ್ಥಾಪಿತವಾಗಿ, ಗೋಸುಂಬೆಯನ್ನು ತನ್ನ ಲಾಂಛನವನ್ನಾಗಿ ಧರಿಸಿತು. ಚಿತ್ರಕಾರರು, ಶಿಲ್ಪಿಗಳು, ನಾಟಕಶಾಲೆಯ ಪರದೆ ಬರೆಯುವವರು, ಬಡಗಿಗಳು ಎಲ್ಲರೂ ಅಲ್ಲಿ ಕೂಡಿಕೊಂಡರು.

ಕ್ಯೂಬಿಸ್ಟ್ ಪಂಥದ ಕಲಾವಿದರನ್ನು ಆ ವಿಭಾಗದಲ್ಲಿ ವಿಶೇಷವಾಗಿ ಸೇರಿಸಿಕೊಂಡುದು ಆಕಸ್ಮಿಕವಲ್ಲ. ವಸ್ತುವನ್ನು ಒಂದೇ ಕೋನದಿಂದ ನೋಡದೆ, ಅದನ್ನು ಚೂರುಚೂರಾಗಿ ಒಡೆದು ಹೊಸದಾಗಿ ಜೋಡಿಸುತ್ತಿದ್ದ ಅವರ ರೀತಿಯನ್ನು ಯುದ್ಧಪೂರ್ವದ ಪ್ಯಾರಿಸ್ಸಿನ ಸಭ್ಯರು ಹುಚ್ಚೆಂದು ಜರೆದಿದ್ದರು. ವಸ್ತುವಿನ ರೂಪವನ್ನು ಸಂಪೂರ್ಣವಾಗಿ ವಿರೂಪಗೊಳಿಸುವ ಆ ಉಪಾಯವನ್ನೇ ತಾನು ಫಿರಂಗಿಗೆ ಪ್ರಯೋಗಿಸಿದೆನೆಂದು ಸ್ಕೆವೋಲಾ ತರುವಾಯ ಮುಕ್ತಕಂಠದಿಂದ ಒಪ್ಪಿಕೊಂಡ. ಆಂದ್ರೆ ಮಾರ್ ಎಂಬ ಕಲಾವಿದ ರಣರಂಗದಲ್ಲಿದ್ದುಕೊಂಡೇ ತನ್ನ ಟಿಪ್ಪಣಿಯ ಪುಸ್ತಕಗಳಲ್ಲಿ ಬಣ್ಣ ಬಳಿದ ತೋಪುಗಳನ್ನೂ ಹುಸಿಮರಗಳನ್ನೂ ಜಲವರ್ಣದಲ್ಲಿ ಬರೆದಿಟ್ಟ. ಪ್ಯಾರಿಸ್ಸಿನ ರಾಸ್‌ಪಾಯ್ ಬೀದಿಯಲ್ಲಿ ಒಂದು ಸಂಜೆ ಮಚ್ಚೆಬಣ್ಣದ ಫಿರಂಗಿಯೊಂದು ಸಾಗಿಹೋಗುವುದನ್ನು ಕಂಡ ಪಿಕಾಸೊ, ಇದು ನಾವು ಮಾಡಿದ್ದು ಎಂದು ಬೆರಗಿನಿಂದ ಉದ್ಗರಿಸಿದನೆಂದು ಅವನ ಸಂಗಡವಿದ್ದ ಲೇಖಕಿ ಗರ್ಟ್ರೂಡ್ ಸ್ಟೈನ್ ಸ್ಮರಿಸಿಕೊಂಡಿದ್ದಾಳೆ. ಎದುರು ಪಕ್ಷದಲ್ಲಿಯೂ ಇದೇ ಕಥೆ. ಜರ್ಮನಿಯ ಮಹಾ ಚಿತ್ರಕಾರ ಫ್ರಾಂಟ್ಸ್ ಮಾರ್ಕ್, ನೀಲಿ ಕುದುರೆಗಳನ್ನು ಬರೆದಾತ, 1916ರ ಫೆಬ್ರವರಿಯಲ್ಲಿ ಫಿರಂಗಿಗಳನ್ನು ಮುಚ್ಚುವ ದಪ್ಪಬಟ್ಟೆಗಳ ಮೇಲೆ ಬಿಂದುಬಿಂದುಗಳಾಗಿ ಬಣ್ಣವಿಡುತ್ತ, ಮಾನೆಯಿಂದ ಕಾಂಡಿನ್‌ಸ್ಕಿಯ ವರೆಗಿನ ಚಿತ್ರಕಲೆಯ ವಿಕಾಸವನ್ನು ಆ ಬಟ್ಟೆಗಳಲ್ಲಿಯೇ ತೋರಿಸಬಹುದೆಂಬ ಉತ್ಸಾಹದಲ್ಲಿ ಪತ್ರ ಬರೆದಿದ್ದ. ಮಾರ್ಚ್ 4ರಂದು ವೆರ್ಡನ್ನಿನ ಬಳಿ ಸಿಡಿಗುಂಡಿನ ಚೂರು ತಗುಲಿ ಮಡಿದ. ಆಗ ಅವನ ವಯಸ್ಸು 36. ಇಂಥ ಕೈಗಳು ಫಿರಂಗಿಯ ಹೊದಿಕೆಗೆ ಬಣ್ಣ ಬಳಿಯುತ್ತಿದ್ದ ಆ ಕಾಲವನ್ನು ನೆನೆದಾಗ ನನ್ನಲ್ಲಿ ಹುಟ್ಟುವ ವ್ಯಥೆಗೆ ಮೇರೆಯಿಲ್ಲ.

ಚಿತ್ರಕಾರರಿಗೆ ಈ ವಿಷಯದಲ್ಲಿ ಒಬ್ಬ ಪೂರ್ವಾಚಾರ್ಯನೂ ಇದ್ದ. ಅಮೆರಿಕದ ಆಬಟ್ ಥೇಯರ್, ದೇವದೂತರ ಚಿತ್ರಗಳಿಗಾಗಿ ಖ್ಯಾತನಾದವನು, ಕಾಡುಪ್ರಾಣಿಗಳ ಬೆನ್ನು ಕಪ್ಪಾಗಿಯೂ ಹೊಟ್ಟೆ ಬಿಳುಪಾಗಿಯೂ ಇರುವುದಕ್ಕೆ ಕಾರಣವನ್ನು 1896ರಲ್ಲಿ ಪ್ರಕಟಿಸಿದ್ದ. ಬೆಳಕು ಮೇಲಿನಿಂದ ಬೀಳುವಾಗ ಬೆನ್ನು ಬೆಳಗಿ ಹೊಟ್ಟೆ ನೆರಳಾಗಬೇಕು. ಆ ನೆರಳೇ ವಸ್ತುವಿಗೆ ಗಾತ್ರವಿದೆಯೆಂದು ಕಣ್ಣಿಗೆ ತಿಳಿಸುತ್ತದೆ. ಬಣ್ಣ ಅದಕ್ಕೆ ವಿಲೋಮವಾಗಿದ್ದರೆ ನೆರಳು ಅಳಿದು, ಗುಂಡಗಿರುವುದು ಚಪ್ಪಟೆಯಾಗಿ, ಚಪ್ಪಟೆಯಾದುದು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. 1909ರಲ್ಲಿ ಮಗನೊಡನೆ ಸೇರಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ಆತ ಈ ನಿಯಮವನ್ನು ಅತಿಗೊಯ್ದು, ರಾಜಹಂಸದ ಗುಲಾಬಿ ಬಣ್ಣವೂ ಸೂರ್ಯಾಸ್ತದ ಆಕಾಶದಲ್ಲಿ ಮರೆಯಾಗುವುದಕ್ಕಾಗಿಯೇ ಇದೆಯೆಂದು ವಾದಿಸಿದ್ದರಿಂದ, ಸ್ವತಃ ಬೇಟೆಗಾರನಾಗಿದ್ದ ಥಿಯೊಡೋರ್ ರೂಸ್‌ವೆಲ್ಟನ ಕಟುವಿಮರ್ಶೆಗೆ ಗುರಿಯಾಗಬೇಕಾಯಿತು. ಅತಿರೇಕವನ್ನು ಕಳೆದು ನೋಡಿದರೆ ಉಳಿಯುವ ತತ್ತ್ವ ಅಮೂಲ್ಯವಾದುದು. ಇಂದಿಗೂ ಬಂದೂಕಿನ ಮೇಲುಭಾಗಕ್ಕೆ ಗಾಢವಾದ, ಕೆಳಭಾಗಕ್ಕೆ ತಿಳಿಯಾದ ಬಣ್ಣವಿಡುವ ಬಲ್ಲವರು ತಿಳಿದೋ ತಿಳಿಯದೆಯೋ ಥೇಯರನ ಶಿಷ್ಯರೇ.

ಕಲಾವಿದರ ವಿದ್ಯೆ ಸಾಮಾನ್ಯ ಸಿಪಾಯಿಯ ಕೈಗೆ ಇಳಿದುದು ಯುದ್ಧದ ಕೊನೆಯ ಬೇಸಗೆಯಲ್ಲಿ. 1918ರ ಜುಲೈ ತಿಂಗಳಿನಲ್ಲಿ ಜರ್ಮನ್ ಸೇನೆಯ ವರಿಷ್ಠರಿಂದ ಹೊರಟ ಆಜ್ಞೆಯೊಂದು ಫಿರಂಗಿಗಳಿಗೂ ಉಕ್ಕಿನ ಶಿರಸ್ತ್ರಾಣಗಳಿಗೂ ಬಹುವರ್ಣದ ಲೇಪನವನ್ನು ವಿಧಿಸಿತು: ಹಸುರು, ಕಾವಿ ಹಳದಿ, ತುಕ್ಕಿನ ಕಂದು, ಒಂದೊಂದು ಬಣ್ಣಕ್ಕೂ ಕೋನಕೋನವಾದ ತುಂಡುಗಳು, ತುಂಡುಗಳ ನಡುವೆ ಬೆರಳಗಲದ ಕಪ್ಪು ಗೆರೆ, ಋತುವನ್ನು ನೋಡಿ ಬಣ್ಣಗಳ ಆಯ್ಕೆ. ಆಜ್ಞೆಯಷ್ಟೇ ಮೇಲಿನಿಂದ ಬಂದುದು, ಕುಂಚವನ್ನು ಹಿಡಿದವರು ಹಳ್ಳಿಗಳ ಕೊಟ್ಟಿಗೆಗಳಲ್ಲಿ ಬಿಡಾರ ಹೂಡಿದ್ದ ಸಿಪಾಯಿಗಳು. ಆದುದರಿಂದಲೇ ಉಳಿದಿರುವ ಆ ಶಿರಸ್ತ್ರಾಣಗಳಲ್ಲಿ ಒಂದು ಇನ್ನೊಂದರಂತಿಲ್ಲ. ಒಂದರ ಗೆರೆ ಅಳೆದಂತೆ ನೇರ, ಮತ್ತೊಂದರದು ನಡುಗಿ ಅಗಲವಾಗಿ ಇಳಿದದ್ದು. ಒಬ್ಬನ ಹಸುರಿನಲ್ಲಿ ಕುಂಚದ ಕೂದಲುಗಳ ಗುರುತು ಇಂದಿಗೂ ಕಾಣುತ್ತದೆ.

ಬಂದೂಕಿನ ವಿಷಯದಲ್ಲಿ ಇದೇ ಕೆಲಸವನ್ನು ಒಂಟಿ ಗುರಿಕಾರರು ಆಗಲೇ ತಮ್ಮ ಪಾಡಿಗೆ ತಾವು ಮಾಡಿಕೊಂಡಿದ್ದರು. ಸ್ಕಾಟ್‌ಲೆಂಡಿನ ಗುಡ್ಡಗಳಲ್ಲಿ ಜಿಂಕೆಯನ್ನು ಹಿಂಬಾಲಿಸುವುದನ್ನೇ ಕಸುಬಾಗಿ ಮಾಡಿಕೊಂಡಿದ್ದ ಗಿಲ್ಲಿಗಳೆಂಬ ಬೇಟೆಯಾಳುಗಳಿಂದ 1900ರಲ್ಲಿ ಕಟ್ಟಲ್ಪಟ್ಟ ಲೊವಾಟ್ ಸ್ಕೌಟ್ಸ್ ಪಡೆಯವರು ಗೋಣಿಯ ಚಿಂದಿಗಳನ್ನು ಮೈತುಂಬ ಇಳಿಬಿಟ್ಟ ಉಡುಪನ್ನು ಸೇನೆಗೆ ತಂದರು. 1916ರಲ್ಲಿ ಹೆಸ್ಕೆತ್-ಪ್ರಿಚರ್ಡ್ ಎಂಬ ಬೇಟೆಗಾರ ಲೇಖಕ ಫ್ರಾನ್ಸಿನಲ್ಲಿ ತೆರೆದ ಗುರಿಕಾರರ ಶಾಲೆಯಲ್ಲಿ ಅಡಗಿ ನೋಡುವುದನ್ನೂ ಕಾಣದೆ ಇರುವುದನ್ನೂ ಶಾಸ್ತ್ರೀಯವಾಗಿ ಬೋಧಿಸಿದರು. ನಳಿಗೆಗೆ ಗೋಣಿಯ ಪಟ್ಟಿ ಸುತ್ತುವುದು, ಕಟ್ಟಿಗೆಯ ಹಿಡಿಗೆ ಕೆಸರು ಸವರುವುದು, ಹಿಮದ ನಾಡಿನಲ್ಲಾದರೆ ಬಿಳಿಬಟ್ಟೆ ಕಟ್ಟುವುದು ಅಥವಾ ಸುಣ್ಣದ ಬಿಳುಪು ಬಳಿಯುವುದು, ಇವೆಲ್ಲ ಎರಡನೆಯ ಮಹಾಯುದ್ಧದ ಹೊತ್ತಿಗೆ ಎಲ್ಲ ಸೇನೆಗಳಲ್ಲಿಯೂ ರೂಢಿಗೆ ಬಂದಿದ್ದವು.

ಆ ಎರಡನೆಯ ಯುದ್ಧದ ಒಂದು ಪ್ರಸಂಗವನ್ನು ಮಾತ್ರ ಇಲ್ಲಿ ಹೇಳದೆ ಬಿಡಲಾಗದು. 1940ರಲ್ಲಿ ಪ್ರಾಣಿಗಳ ವರ್ಣಗಳನ್ನು ಕುರಿತ ತನ್ನ ಮಹಾಗ್ರಂಥವನ್ನು ಪ್ರಕಟಿಸಿದ ಹ್ಯೂ ಕಾಟ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ, ತನ್ನ ತತ್ತ್ವವನ್ನು ಅಧಿಕಾರಿಗಳಿಗೆ ಕಣ್ಣಾರೆ ತೋರಿಸಬೇಕೆಂದು, ರೈಲುಗಾಡಿಯ ಮೇಲೆ ಕೂರಿಸಿದ್ದ ಎರಡು ಭಾರಿ ಫಿರಂಗಿಗಳಲ್ಲಿ ಒಂದಕ್ಕೆ ತಾನು ಬಣ್ಣವಿಟ್ಟು, ಇನ್ನೊಂದನ್ನು ವಾಡಿಕೆಯ ಕ್ರಮಕ್ಕೆ ಬಿಟ್ಟ. ಎರಡನ್ನೂ ಆಕಾಶದಿಂದ ಛಾಯಾಚಿತ್ರ ತೆಗೆದಾಗ ವಾಡಿಕೆಯ ಫಿರಂಗಿ ಸ್ಪಷ್ಟವಾಗಿ ಎದ್ದು ಕಂಡಿತು, ಕಾಟನದನ್ನು ಹುಡುಕಬೇಕಾಯಿತು. ನೆರಳನ್ನು ಅಳಿಸುವ ವಿಲೋಮವರ್ಣ, ರೇಖೆಯನ್ನು ಒಡೆಯುವ ದೊಡ್ಡ ಮಚ್ಚೆ, ಈ ಎರಡನ್ನೂ ಒಟ್ಟಿಗೆ ಪ್ರಯೋಗಿಸಿದುದೇ ಅದರ ರಹಸ್ಯ. ಇಷ್ಟು ನಿಸ್ಸಂದಿಗ್ಧವಾದ ಪ್ರಮಾಣವನ್ನು ಮುಂದಿಟ್ಟರೂ ಇಂಗ್ಲೆಂಡಿನ ಸಮಿತಿಗಳು ಆತನ ಮಾತಿಗೆ ತಕ್ಕ ಬೆಲೆ ಕೊಡಲಿಲ್ಲ. ಕಾಟ್ ತಾನು ಸದಸ್ಯನಾಗಿದ್ದ ಸಮಿತಿಯನ್ನು ತೊರೆದು, ಮುಂದೆ ಈಜಿಪ್ಟಿನ ಹೆಲ್ವಾನಿನಲ್ಲಿ ಸೈನಿಕರಿಗೆ ಮರೆಬಣ್ಣದ ವಿದ್ಯೆಯನ್ನು ನೇರವಾಗಿ ಕಲಿಸಿದ.

ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ತಿರುಳು ಇಲ್ಲಿಯೇ ಇದೆ. ಮರೆಬಣ್ಣ ಉಗ್ರಾಣದಲ್ಲಿ ಹುಟ್ಟತಕ್ಕದ್ದಲ್ಲ, ನಿಂತ ನೆಲದಲ್ಲಿ ಹುಟ್ಟತಕ್ಕದ್ದು. ರಾಜಧಾನಿಯ ಕಚೇರಿಯಲ್ಲಿ ಕುಳಿತು ಸಮಸ್ತ ಸೇನೆಗೂ ಒಂದೇ ಹಸುರನ್ನು ಹಂಚಿದಾಗಲೆಲ್ಲ ಅದು ಯಾವುದೋ ಒಂದು ಕಾಡಿಗೆ ಹೊಂದಿ ಉಳಿದೆಡೆಗಳಲ್ಲಿ ಎದ್ದು ಕಂಡಿದೆ; ಸ್ಥಳದ ಮಣ್ಣನ್ನು ಮುಟ್ಟಿ ನೋಡಿ, ಈ ತಿಂಗಳಿನಲ್ಲಿ ಇಲ್ಲಿಯ ಹುಲ್ಲು ಎಷ್ಟು ಹಳದಿಯಾಗಿದೆಯೆಂದು ಕಣ್ಣಿಟ್ಟು ತಿಳಿದವನು ಬಳಿದ ಬಣ್ಣ, ಎಷ್ಟು ಒರಟಾಗಿದ್ದರೂ, ಕೆಲಸ ಮಾಡಿದೆ. 1970ರ ದಶಕದಲ್ಲಿ ರೊಡೀಷಿಯದ ಸೈನಿಕರು ತಮ್ಮ ಎಫ್‌ಎನ್ ಬಂದೂಕುಗಳಿಗೆ ಕುಂಚದಿಂದ ಹಳದಿ ಮತ್ತು ಹಸುರಿನ ಅಗಲವಾದ ಪಟ್ಟೆಗಳನ್ನು ಎಳೆದಿದ್ದರು. ಅವರು ಹೋರಾಡಿದುದು ಅಲ್ಪಸಂಖ್ಯಾತ ಬಿಳಿಯರ ಅಧಿಕಾರವನ್ನು ಉಳಿಸುವ ಅನ್ಯಾಯದ ಯುದ್ಧ. ಆ ಬಂದೂಕುಗಳ ಇತಿಹಾಸವನ್ನು ಬರೆಯುವವನು ಅದನ್ನು ಮರೆಯಕೂಡದು. ಆದರೂ ಆಫ್ರಿಕದ ಒಣಪೊದೆಗಳ ನಡುವೆ, ಕರಿಯ ಲೋಹದ ಉದ್ದನೆಯ ರೇಖೆಯನ್ನು ಕಾಣದಂತೆ ಮಾಡುವುದರಲ್ಲಿ ಆ ಪಟ್ಟೆಗಳು ಸಫಲವಾಗಿದ್ದುವೆಂಬುದು ನಿಜ. ಅದೇ ಕಾಲದ ಅಮೆರಿಕದ ಎಂ-16 ಬಂದೂಕು ಕಾರ್ಖಾನೆಯಿಂದ ಹೊರಬಂದಂತೆಯೇ ಕರಿಬೂದು ಲೋಹವೂ ಕರಿಯ ಪ್ಲಾಸ್ಟಿಕ್ಕೂ ಆಗಿ ಉಳಿಯಿತು. ಕಾಡಿನಲ್ಲಿ ನೆರಳುಂಟು, ಅಚ್ಚಗಪ್ಪಿನ ಘನವಸ್ತು ಬಹಳ ಅಪರೂಪ. ಮುಂದೆ ಇರಾಕ್ ಮತ್ತು ಆಫ್ಘಾನಿಸ್ತಾನದ ಬೂದುಮಣ್ಣಿನಲ್ಲಿ ಆ ಕಪ್ಪು ಇನ್ನೂ ಢಾಳಾಗಿ ಕಂಡಾಗ ಸೈನಿಕರು ತಾವೇ ಡಬ್ಬಿಯ ಬಣ್ಣವನ್ನು ಕೈಗೆತ್ತಿಕೊಂಡರು.

ಆ ಡಬ್ಬಿಯ ಕಥೆ ಪ್ರತ್ಯೇಕವಾದುದು. ಒತ್ತಡದಲ್ಲಿಟ್ಟ ದ್ರವವನ್ನು ಕವಾಟದ ಮೂಲಕ ಮಂಜಿನಂತೆ ಹೊರಬಿಡುವ ಉಪಕರಣವನ್ನು 1920ರ ದಶಕದಲ್ಲಿ ನಾರ್ವೆಯ ಎರಿಕ್ ರೋಟ್‌ಹೈಮ್ ಎಂಬ ಇಂಜಿನಿಯರ್ ರೂಪಿಸಿದ. ಎರಡನೆಯ ಯುದ್ಧದಲ್ಲಿ ಅಮೆರಿಕದ ಕೃಷಿ ಇಲಾಖೆಯ ಗುಡ್‌ಹ್ಯೂ ಮತ್ತು ಸಲಿವನ್ ಎಂಬ ವಿಜ್ಞಾನಿಗಳು ಅದೇ ತತ್ತ್ವದಿಂದ ಕೀಟನಾಶಕದ ಡಬ್ಬಿಯನ್ನು ಸಿದ್ಧಪಡಿಸಿ, ಮಲೇರಿಯದಿಂದ ನರಳುತ್ತಿದ್ದ ಸೈನಿಕರಿಗೆ ಒದಗಿಸಿದರು. 1949ರಲ್ಲಿ ಇಲಿನಾಯ್ ಪ್ರಾಂತದ ಸಿಕಮೋರ್ ಎಂಬ ಊರಿನ ಬಣ್ಣದ ವ್ಯಾಪಾರಿ ಎಡ್ವರ್ಡ್ ಸೆಮೋರ್, ಮನೆ ಬೆಚ್ಚಗಿಡುವ ಕೊಳವೆಗಳಿಗೆ ಬಳಿಯುವ ತನ್ನ ಅಲ್ಯುಮಿನಿಯಮ್ ಬಣ್ಣದ ಮಾದರಿಯನ್ನು ಗಿರಾಕಿಗಳಿಗೆ ತೋರಿಸಲು ಸುಲಭೋಪಾಯವನ್ನು ಹುಡುಕುತ್ತಿದ್ದಾಗ, ಬಣ್ಣವನ್ನೂ ಅಂಥದೇ ಡಬ್ಬಿಯಲ್ಲಿ ತುಂಬಬಾರದೇಕೆ ಎಂದು ಸೂಚಿಸಿದವಳು ಅವನ ಹೆಂಡತಿ ಬಾನಿ. ಕುಂಚದ ಗುರುತು ಬೀಳದೆ, ಅಂಚು ಮಸುಕಾಗಿ, ಒಂದು ಬಣ್ಣ ಇನ್ನೊಂದರಲ್ಲಿ ಲೀನವಾಗುವಂತೆ ಮಾಡುವ ಸಾಮರ್ಥ್ಯ ಹೀಗೆ ಪ್ರತಿಯೊಬ್ಬನ ಕೈಗೂ ಬಂದಿತು.

ಅದನ್ನು ಬಂದೂಕಿಗೆ ತಂದವರಲ್ಲಿ ಸೈನಿಕರಷ್ಟೇ ಮುಖ್ಯರು ಅಮೆರಿಕದ ದಕ್ಷಿಣ ಪ್ರಾಂತಗಳ ಟರ್ಕಿಕೋಳಿಯ ಬೇಟೆಗಾರರು. ಕಾಡಿನ ಟರ್ಕಿ ಅತಿ ತೀಕ್ಷ್ಣದೃಷ್ಟಿಯ ಹಕ್ಕಿ. ಬಣ್ಣಗಳನ್ನು ಸೊಗಸಾಗಿ ಗುರುತಿಸಬಲ್ಲುದು. ಬೆಳಗಿನ ಓರೆಬಿಸಿಲಿನಲ್ಲಿ ನಳಿಗೆ ಒಮ್ಮೆ ಮಿನುಗಿದರೆ ಸಾಕು, ಆ ದಿನದ ಬೇಟೆ ಮುಗಿದಂತೆಯೇ. ಜಿಂಕೆಯ ಕಣ್ಣು ಇದಕ್ಕೆ ವ್ಯತಿರಿಕ್ತವಾದುದು, ಕೆಂಪು ಕಿತ್ತಳೆಗಳನ್ನು ಅದು ಸರಿಯಾಗಿ ಕಾಣದು. ಆದುದರಿಂದಲೇ ಒಬ್ಬರ ಗುಂಡಿಗೆ ಇನ್ನೊಬ್ಬರು ಬಲಿಯಾಗದಿರಲೆಂದು ಹಲವು ಪ್ರಾಂತಗಳ ಕಾಯಿದೆ ಜಿಂಕೆಯ ಬೇಟೆಗಾರನಿಗೆ ಉಜ್ಜ್ವಲವಾದ ಕಿತ್ತಳೆಯ ಅಂಗಿಯನ್ನು ವಿಧಿಸಿದೆ. ಮೈಮೇಲೆ ಮನುಷ್ಯರಿಗೆ ಕಾಣಿಸುವ ಕಿತ್ತಳೆ, ಕೈಯಲ್ಲಿ ಮೃಗಕ್ಕೆ ಕಾಣಿಸದ ಮಚ್ಚೆಬಣ್ಣ: ಒಂದೇ ದೇಹದಲ್ಲಿ ಎರಡು ಬಗೆಯ ಕಣ್ಣುಗಳಿಗೆ ಎರಡು ಉತ್ತರಗಳು. ವರ್ಜೀನಿಯದ ಜಿಮ್ ಕ್ರಮ್ಲಿ ಎಂಬ ಬಿಲ್ಲುಬೇಟೆಗಾರ ಸೇನೆಯ ಮಚ್ಚೆಗಳು ತನ್ನ ಕಾಡಿಗೆ ಹೊಂದುವುದಿಲ್ಲವೆಂದು ಕಂಡು, ಸಾದಾ ಬಟ್ಟೆಯ ಮೇಲೆ ಶಾಯಿಯ ಲೇಖನಿಯಿಂದ ಮರದ ತೊಗಟೆಯ ಗೆರೆಗಳನ್ನು ತಾನೇ ಎಳೆದು, 1980ರಲ್ಲಿ ಅದನ್ನು ಮಾರಾಟಕ್ಕೆ ತಂದ. 1986ರಲ್ಲಿ ಮಿಸಿಸಿಪ್ಪಿಯ ಟಾಕ್ಸಿ ಹಾಸ್ ತನ್ನ ಅಚ್ಚುಮೆಚ್ಚಿನ ಬೇಟೆಯ ತಾಣದಿಂದ ಒಂದು ಹಿಡಿ ಎಲೆ ಮಣ್ಣುಗಳನ್ನು ತಂದು, ಬಟ್ಟೆಯ ಮೇಲೆ ಇಂಥದು ಬೇಕೆಂದು ನೇಯ್ಗೆಯವರ ಮುಂದಿಟ್ಟ. ಪೇಷಾವರದ ಕೆಸರಿಗೂ ಮಿಸಿಸಿಪ್ಪಿಯ ಆ ಹಿಡಿಮಣ್ಣಿಗೂ ನಡುವೆ ಹತ್ತಿರ ಹತ್ತಿರ ಒಂದೂವರೆ ಶತಮಾನವಿದ್ದರೂ ವಿಚಾರ ಒಂದೇ.

ಮನೆಯಲ್ಲಿ ಈ ಕೆಲಸ ನಡೆಯುವ ಬಗೆಯನ್ನು ನೋಡಿದರೆ ಹಿಂದಿನ ಎಲ್ಲ ಆಚಾರ್ಯರ ಪಾಠಗಳೂ ಅದರಲ್ಲಿ ಅಡಕವಾಗಿರುವುದು ಗೋಚರವಾಗುತ್ತದೆ. ಬಂದೂಕು ಬರಿದಾಗಿದೆಯೆಂದು ಎರಡು ಸಾರಿ ನಿಶ್ಚಯಿಸಿಕೊಂಡ ಮೇಲೆ, ನಳಿಗೆ ಕಂದಿಸುತ್ತಿದ್ದವರಂತೆಯೇ, ಮೊದಲ ಕೆಲಸ ಜಿಡ್ಡು ತೆಗೆಯುವುದು. ಬೆರಳಚ್ಚಿನಷ್ಟು ಎಣ್ಣೆ ಉಳಿದರೂ ಬಣ್ಣ ಅಲ್ಲಿ ಹಿಡಿಯದೆ ಸುಲಿದೇಳುತ್ತದೆ. ದುರ್ಬೀನಿನ ಗಾಜುಗಳು, ನಳಿಗೆಯ ಬಾಯಿ, ಕುದುರೆಯ ಸುತ್ತಣ ಸಂದು, ತೋಟೆ ಹೊರಬೀಳುವ ಕಿಂಡಿ, ಕ್ರಮಸಂಖ್ಯೆ ಕೆತ್ತಿದ ಸ್ಥಳ, ಇವುಗಳನ್ನು ಕಾಗದದ ಅಂಟುಪಟ್ಟಿಯಿಂದ ಮುಚ್ಚುತ್ತಾರೆ. ಬಳಿಕ ಡಬ್ಬಿಯನ್ನು ಕುಲುಕಿ, ಒಳಗಿನ ಗುಂಡು ಗಲಗಲ ಎನ್ನುತ್ತಿರುವಂತೆ, ಒಂದಡಿಯಷ್ಟು ದೂರದಿಂದ ತೆಳುವಾಗಿ, ಬೀಸುಗೈಯಿಂದ, ಹೊಳಪಿಲ್ಲದ ತಿಳಿಬಣ್ಣವನ್ನು ಇಡೀ ಮೈಗೆ ಕೊಡುತ್ತಾರೆ. ದಪ್ಪನಾಗಿ ಹೊಡೆದರೆ ಬಣ್ಣ ಇಳಿದು ಹನಿಗಟ್ಟುತ್ತದೆ. ಅದು ಆರಿದ ಮೇಲೆ ಹಿತ್ತಲಿನಿಂದಲೇ ಕಿತ್ತು ತಂದ ಹುಲ್ಲಿನ ದಂಟುಗಳನ್ನೋ ಜರಿಗಿಡದ ರೆಂಬೆಯನ್ನೋ ಬಂದೂಕಿನ ಮೇಲೆ ಅಡ್ಡಲಾಗಿಟ್ಟು, ಅದರ ಮೇಲಿಂದ ಕಂದನ್ನೂ ಆಲಿವ್ ಹಸುರನ್ನೂ ಹಗುರವಾಗಿ ಊದಿ, ಗಿಡವನ್ನು ಎತ್ತಿದರೆ, ಅದರ ನೆರಳೇ ಲೋಹದ ಮೇಲೆ ತಿಳಿಯಾಗಿ ಅಚ್ಚಾಗಿ ನಿಂತಿರುತ್ತದೆ. ಗಿಡವನ್ನು ಸರಿಸಿ ಸರಿಸಿ ಇನ್ನೊಂದು ಬಣ್ಣವನ್ನು ಊದಿದಂತೆ ಒಂದರ ಹಿಂದೊಂದು ಪದರ ಹುಟ್ಟಿ, ಚಪ್ಪಟೆಯಾದ ಮೈಗೆ ಆಳ ಬರುತ್ತದೆ. ಕಪ್ಪನ್ನು ಬಲ್ಲವರು ಬಹು ಮಿತವಾಗಿ ಬಳಸುತ್ತಾರೆ.

ಹೊಸಬರು ಸಾಮಾನ್ಯವಾಗಿ ಎಡವುವುದು ಮಚ್ಚೆಗಳ ಗಾತ್ರದಲ್ಲಿ. ಕೈಯಲ್ಲಿ ಹಿಡಿದು ನೋಡಲು ಸೊಗಸಾಗಿ ಕಾಣುವ ಸಣ್ಣ ಸಣ್ಣ ಚುಕ್ಕೆಗಳು ಐವತ್ತು ಹೆಜ್ಜೆಯಾಚೆಗೆ ಒಂದರಲ್ಲೊಂದು ಬೆರೆತು, ಮತ್ತೆ ಒಂದೇ ಕಂದುಬಣ್ಣದ ಉದ್ದ ಕೋಲಾಗಿ ತೋರುತ್ತವೆ. ಸ್ಕೆವೋಲಾ ಫಿರಂಗಿಗೆ ದೊಡ್ಡ ಮಚ್ಚೆಗಳನ್ನೇ ಇಡಿಸಿದುದು ಇದನ್ನು ಅರಿತೇ. ನಳಿಗೆಯ ನೇರವನ್ನು ಅಡ್ಡಲಾಗಿ ಕತ್ತರಿಸುವ ಅಗಲವಾದ ಪಟ್ಟೆ ಮೊದಲು ಬೇಕು, ಎಲೆಯ ನವಿರು ಅದರ ಮೇಲಣ ಅಲಂಕಾರ ಮಾತ್ರ. ಇನ್ನೊಂದು ಮಾತನ್ನು ನಾನು ಒತ್ತಿ ಹೇಳಬಯಸುತ್ತೇನೆ: ತಾತನ ಕಾಲದ ಅಕ್ರೋಟು ಮರದ ಹಿಡಿಗೆ, ಕೈಯಿಂದ ಎಣ್ಣೆ ಕುಡಿಸಿ ಕುಡಿಸಿ ಮಾಗಿಸಿದ ಮರದ ಮೇಲೆ, ಈ ಬಣ್ಣವನ್ನು ಹೊಡೆಯುವುದು ಅಕಾರ್ಯ. ಮರದ ರಂಧ್ರಗಳನ್ನು ಹೊಕ್ಕ ಬಣ್ಣವನ್ನು ಕೆರೆದು ತೆಗೆಯುವಾಗ ಹಳೆಯ ಕೈಗೆಲಸವೂ ಅದರೊಡನೆ ಹೋಗುತ್ತದೆ.

ಹೀಗೆ ಬಳಿದ ಬಣ್ಣ ಶಾಶ್ವತವಲ್ಲ. ಕೈ ಆಡುವಲ್ಲೆಲ್ಲ ಸವೆಯುತ್ತದೆ, ಬಿಸಿಯೇರುವ ನಳಿಗೆಯ ಮೇಲೆ ಸುಟ್ಟು ಕಂದುತ್ತದೆ, ದ್ರಾವಕ ತಾಕಿದರೆ ಕರಗುತ್ತದೆ. ಋತು ಬದಲಾದಾಗ ಅದರ ಮೇಲೆಯೇ ಮತ್ತೊಂದು ಪದರ ಬೀಳುತ್ತದೆ. ಇತಿಹಾಸಕಾರನಿಗೆ ಇದೇ ದೊಡ್ಡ ತೊಡಕು. ಹಿಮದಲ್ಲಿ ಬಳಿದ ಸುಣ್ಣ ವಸಂತದಲ್ಲಿಯೇ ತೊಳೆದುಹೋಯಿತು. ಗೋಣಿಯ ಪಟ್ಟಿಗಳು ಕೊಳೆತುಹೋದವು. ಯುದ್ಧ ಮುಗಿದ ಮೇಲೆ ಶಸ್ತ್ರಾಗಾರಕ್ಕೆ ಮರಳಿದ ಬಂದೂಕುಗಳನ್ನು ಉಜ್ಜಿ ತೊಳೆದು ಮೊದಲಿನಂತೆ ಮಾಡಿದರು. ಅಂದಿನ ಛಾಯಾಚಿತ್ರಗಳು ಬಹುಪಾಲು ಕಪ್ಪುಬಿಳುಪಿನವಾದುದರಿಂದ ಯಾವ ಹಸುರು, ಎಂಥ ಕಾವಿ ಎಂಬುದು ಅವುಗಳಿಂದ ತಿಳಿಯದು. 1918ರ ಶಿರಸ್ತ್ರಾಣಗಳಿಗೆ ಸಂಗ್ರಾಹಕರಲ್ಲಿ ಬೆಲೆ ಏರಿದಂತೆ ಹೊಸದಾಗಿ ಬಣ್ಣ ಬಳಿದ ನಕಲಿಗಳೂ ಪೇಟೆಗೆ ಬಂದಿವೆ. ಬಣ್ಣದ ಬಿರುಕನ್ನೂ ಅದರ ಕೆಳಗಿನ ತುಕ್ಕನ್ನೂ ಮಸೂರದಲ್ಲಿ ಪರೀಕ್ಷಿಸಿಯೇ ನಿಜವನ್ನು ತೀರ್ಮಾನಿಸಬೇಕಾಗಿದೆ. ಬಿಡಿಭಾಗಗಳಾಗಿ ಅಮೆರಿಕಕ್ಕೆ ಮಾರಾಟವಾದ ಹಳೆಯ ರೊಡೀಷಿಯನ್ ಬಂದೂಕುಗಳಲ್ಲಿ ತಿರುಪುಗಳ ಕುಳಿಗಳಲ್ಲಿಯೂ ಹಿಡಿಗಳ ಒಳಮಗ್ಗುಲಿನಲ್ಲಿಯೂ ಹಳದಿ ಹಸುರಿನ ಚೂರುಗಳು ಅಂಟಿಕೊಂಡಿದ್ದುದುಂಟು. ಆ ಚೂರುಗಳಿಗೆ ಹೋಲಿಸಿ ಬಣ್ಣಗಳನ್ನು ಕಲಸಿ, ಹಳೆಯ ಛಾಯಾಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಅದೇ ಪಟ್ಟೆಗಳನ್ನು ಮತ್ತೆ ಎಳೆಯುವ ಹವ್ಯಾಸಿಗಳು ಈಗ ಅಲ್ಲಿದ್ದಾರೆ; ಡಬ್ಬಿ ಸುಲಭವಾಗಿ ಸಿಗುವ ದೇಶದಲ್ಲಿಯೂ ಅವರು ಈ ಕೆಲಸಕ್ಕೆ ಕುಂಚವನ್ನೇ ಹಿಡಿಯುತ್ತಾರೆ.